ಕಂಬಳಿ ಕರಾರು

ರಾಯಚೂರಾಗ ಪುಂಡಿಪಲ್ಲೆ ಮಾರೋ ವೆಂಕಮ್ಮನ ಬಾಯಿಗೆ ಹೆದರಿ ಸೂರ್ಯ ಸೈತ ಒಂದೊಂದು ದಿನ ಮೋಡದ ಹಿಂದ ಅಡಕ್ಕೋತಿದ್ದ. ರಾಯಚೂರು ಸೂರ್ಯ ಅಂದ್ರ ಸಾಮಾನ್ಯ ಅಲ್ಲ, ಬಂಡಿ ಮ್ಯಾಲ ರೊಟ್ಟಿ ಒಗದ್ರ ತಿರುವಿ ಹಾಕೋದ್ರಾಗ ಸುಟ್ಟು ಕರ್ರಗ ಮಾಡೋ ಸೂರ್ಯ. ಅಂಥಾ ಬಾಯಿಯ ಹೆಣ್ಮಗಳು ಮಾತು ಹೊಂಡದಂಗ ನಿಂತದ್ದು ಇಡೀ ಜಲ್ಮದಾಗ ಎರಡೇ ಸಲ. ಎರಡೂ ಸಲ ಕರಾಟೆ ನೋಡಿ.

ಮೊದಲ್ನೇದು ಮೊಮ್ಮಗಳು ಮೇಘಾನ ಸಾಲ್ಯಾಗ, ಆಗಸ್ಟ್ ಹದಿನೈದಕ್ಕ. ಝೆಂಡಾ ಹಾರಿಸಿದ್ಮ್ಯಾಲ ಒಂದು ಕಡ್ಡಿಯಂಥಾ ಹುಡ್ಗಿ ಬಿಳಿ ಅಂಗಿ ತೊಟ್ಟು ಬಂತು. ಹೆಡ್‌ಮಾಸ್ತರಿಗೆ ನಮಸ್ಕಾರ ಮಾಡ್ತು, ಆಮ್ಯಾಲ ಅವರ ತಲಿ ಮ್ಯಾಲಿನ ಟೊಪಗಿ ಅಳ್ಳಾಡದಂಗ, ಟೊಪಗಿಗಿಂತ ಎರಡು ಬೆರಳು ಮ್ಯಾಲ ಕಾಲು ಆಡಿಸಿ ಇಳಿಸ್ತು. ಆ ಕಾಲಿನ ಗಾಳಿಗೆ ಝೆಂಡಾ ಮತ್ತೊಮ್ಮೆ ಬಿಚ್ಚಿಕೊಂತು ಅಂತ ವೆಂಕಮ್ಮ ಇವತ್ತಿಗೂ ಆಣಿ ಮಾಡಿ ಹೇಳ್ತಾಳ. ಮೂರು ಹೆಂಚು ಇಟ್ರು, ಮೂರೂ ಪುಡಿ. ಕೈಯಾಗಿನ ಪೆಪ್ಪರ್ಮೆಂಟು ಬಾಯಿಗೆ ಹಾಕ್ಕೊಳ್ಳೋದು ಮರತು ವೆಂಕಮ್ಮ ಮನಿತನಕ ಹಂಗ ಹಿಡ್ಕೊಂಡು ಬಂದ್ಲು.

ಅವತ್ತಿಂದ ಎಂಟ್ನೇತ್ತ ಓದೋ ಮೇಘಾಗ ಒಂದೇ ಜಪ, ಕರಾಟೆ. ಉಣ್ಣಾಕ ಕುಂತ್ರ ಕರಾಟೆ, ತಲಿ ಬಾಚಿದ್ರ ಕರಾಟೆ. ಆಕಿ ಅಪ್ಪ ಗೌತಮ ಬೋರಿನ ಮೋಟಾರ್ ಸುತ್ತೋ ಕೆಲಸದಾಂವ, ಕಮ್ಮಿ ಮಾತಿನ ಮನಷ್ಯಾ. ಆರು ತಿಂಗಳು ಕೇಳಿ ಕೇಳಿ ಕಡೀಕ ತನ್ನವ್ವ ವೆಂಕಮ್ಮಗ ಹೇಳ್ದ, "ನಿನ್ನ ಗೃಹಲಕ್ಷ್ಮಿ ರೊಕ್ಕ ಹಾಕ್ತೀನಿ ಅಂತೀದಿ, ನೀನೇ ನೋಡಿ ಹಚ್ಚು. ಆದ್ರ ಹಚ್ಚೋದು ಒಂದೇ ಸಲ. ನಡುವ ನಿಂತ್ರ ಮತ್ತ ಕರಾಟೆ ಅನ್ನೋ ಮಾತು ಈ ಮನ್ಯಾಗ ಬರಬಾರ್ದು."

ಒಂದೇ ಸಲ ಅಂದದ್ದು ಮೇಘಾನ ಎದಿಗೆ ಕಲ್ಲಿನಂಗ ಕುಂತಿತು. ವೆಂಕಮ್ಮನ ಎದಿಗೂ ಕುಂತಿತು, ಆದ್ರ ಆಕಿ ತೋರ್ಸಲಿಲ್ಲ.

"ಎತ್ತು ಕೊಳ್ಳಾಗ ಹಲ್ಲು ನೋಡ್ತಾರ, ಬದನಿಕಾಯಿ ಕೊಳ್ಳಾಗ ತೊಟ್ಟು ನೋಡ್ತಾರ," ಅಂದ್ಲು. "ಕರಾಟೆ ಕೊಳ್ಳಾಗ ಏನು ನೋಡ್ಬೇಕು ಅನ್ನೋದು ನೋಡೇ ಬಿಡೋಣು ನಡಿ."

ಮೊದ್ಲು ಹೋದದ್ದು ರಾಯಚೂರಾಗಿನ ದೊಡ್ಡ ಅಕಾಡೆಮಿಗೆ. ಗಾಜಿನ ಬಾಗ್ಲಾ, ಒಳಗ ಏಸಿ. ನಾಕೂ ಗೋಡಿಗೆ ಕನ್ನಡಿ. ಹೊರಗಿಂದ ಒಬ್ಬಾಕಿ ವೆಂಕಮ್ಮ ಹೋಗಿದ್ಲು, ಒಳಗ ನೋಡಿದ್ರ ನಲ್ವತ್ತು ಮಂದಿ ವೆಂಕಮ್ಮರು, ನಲ್ವತ್ತೂ ಮಂದಿ ಸೆರಗು ಸರಿ ಮಾಡ್ಕೊಳ್ಳಾಕತ್ತಿದ್ರು. ತಂಪು ಅಂದ್ರ ತಂಪು, ಪುಂಡಿಪಲ್ಲೆ ತಂದಿಟ್ರ ಎಂಟು ದಿನ ಬಾಡ್ತಿದ್ದಿಲ್ಲ.

ಮ್ಯಾನೇಜರ್ ಅಂಬರೇಶ ಬಾಳ ಮರ್ಯಾದಿ ಹುಡ್ಗ. "ಬರ್ರಿ ಯವ್ವಾ, ಕುಂದುರ್ರಿ," ಅಂತ ಮೆತ್ತನ ಕುರ್ಚಿ ಕೊಟ್ಟ, ನೀರು ಕೊಟ್ಟ. ಮೇಘಾನ ಕೈಯಾಗ ಒಂದು ಚೀಲ ಕೊಟ್ಟ. ಒಳಗ ಬಿಳಿ ಅಂಗಿ, ಬಿಳಿ ಪೈಜಾಮ, ಬಿಳಿ ಪಟ್ಟಿ. "ಇದು ಪುಕ್ಕಟಿ ರೀ. ಸಹಿ ಆಮ್ಯಾಲ ಮಾಡೀರಂತ. ಹುಡ್ಗಿ ಮೊದ್ಲು ಹಾಕ್ಕೊಂಡು ನೋಡ್ಲಿ."

ಮೇಘಾ ಒಳಗ ಹೋಗಿ ಹಾಕ್ಕೊಂಡು ಬಂತು. ಬಂದದ್ದು ಮೇಘಾ ಅಲ್ಲ, ಕೆರಿ ದಂಡಿ ಬೆಳ್ಳಕ್ಕಿ. ನಲ್ವತ್ತು ಕನ್ನಡ್ಯಾಗ ನಲ್ವತ್ತು ಬೆಳ್ಳಕ್ಕಿ. ವೆಂಕಮ್ಮನ ಕಣ್ಣು ತುಂಬಿತು. ಹೆಬ್ಬೆಟ್ಟು ತಾನಾಗೇ ಮಸಿ ಹುಡುಕ್ಕೊಂಡು ಹೊಂಟಿತ್ತು, ಅಷ್ಟರಾಗ ಅಂಬರೇಶ ನಾಕು ಹಾಳಿ ಕಾಗದ ಮುಂದಿಟ್ಟ.

"ಓದವ್ವಾ ಮೇಘಾ," ಅಂದ್ಲು ವೆಂಕಮ್ಮ.

"ಇಂಗ್ಲೀಷಿನಾಗ ಅದ ಯವ್ವಾ."

"ನೀ ಓದೋ ಸಾಲಿ ಯಾವುದು ಮತ್ತ? ಓದಿ ನಮ್ಮ ಮಾತಿನಾಗ ಹೇಳು. ಇಲ್ಲೆ ಹೇಳು, ಮನ್ಯಾಗ ಅಲ್ಲ."

ಮೇಘಾ ಬೆರಳಿಟ್ಟು ಓದಾಕ ಸುರು ಮಾಡ್ತು. "ಎರಡು ವರ್ಷ. ತಿಂಗಳಾ ಸಾವಿರದ ಎಂಟ್ನೂರು. ರೊಕ್ಕ ನಿನ್ನ ಬ್ಯಾಂಕಿನಿಂದ ತಾನೇ ಹೋಗ್ತದ."

"ನಾ ಕಳಿಸದನ?"

"ನೀ ಕಳಿಸದನ."

ಗೃಹಲಕ್ಷ್ಮಿ ಎರಡು ಸಾವಿರದಾಗ ಇನ್ನೂರು ಉಳೀತದ, ಎಲಿ ಅಡಿಕಿಗಾತು ಅಂತ ವೆಂಕಮ್ಮ ಮನಸಿನಾಗ ಅಂದ್ಕೊಂಡ್ಲು. "ನಿನಗ ಜ್ವರ ಬಂದು ಬರದಿದ್ರ?"

"ರೊಕ್ಕ ಹೋಗ್ತದ."

"ಬ್ಯಾಡಂತ ನಡುವ ಬಿಟ್ರ?"

ಮೇಘಾ ಎರಡು ಸಲ ಓದ್ತು. "ಉಳಿದ ತಿಂಗಳದ್ದು ಅರ್ಧ ಕಟ್ಟಬೇಕು."

"ಎರಡು ವರ್ಷ ಮುಗೀತು ಅಂತ ತಿಳಿ. ಆಮ್ಯಾಲ?"

"ಎರಡು ತಿಂಗಳು ಮೊದ್ಲ ಬರದು ಕೊಡದಿದ್ರ, ತಾನೇ ಮತ್ತೆರಡು ವರ್ಷ."

ವೆಂಕಮ್ಮ ನೀರಿನ ಗ್ಲಾಸು ಕೆಳಗಿಟ್ಲು. "ಮತ್ತ ಕಲಿಸೋ ಮಾಸ್ತರ ಬಿಟ್ಟು ಹ್ವಾದ್ರ?"

ಹುಡ್ಗಿ ನಾಕೂ ಹಾಳಿ ಹಿಂದ ಮುಂದ ತಿರುವಿ ನೋಡ್ತು. "ಅದು ಬರದಿಲ್ಲ ಯವ್ವಾ."

"ಮಾಸ್ತರು ಹೋಗಂಗಿಲ್ರೀ," ಅಂದ ಅಂಬರೇಶ. "ಹ್ವಾದ್ರೂ ಮತ್ತೊಬ್ರು ಬರ್ತಾರ. ಡ್ರೆಸ್ ಎಷ್ಟು ಚಂದ ಒಪ್ಯಾದ ನೋಡ್ರಿ, ಬಿಚ್ಚಾಕ ಮನಸ ಬರ್ತದೇನು?"

ಆ ಮಾತಿಗೆ ವೆಂಕಮ್ಮ ಮೆತ್ತನ ಕುರ್ಚಿ ಬಿಟ್ಟು ಎದ್ಲು. ಆಕಿ ಕಣ್ಣ ಮುಂದ ಆ ಬಿಳಿ ಅಂಗಿ ಕರಿ ಕಂಬಳಿ ಆಗಿ ನಿಂತಿತು.

ಆಕಿ ತವರು ಮಾನ್ವಿ ತಾಲೂಕಿನ ಬಾಗಲವಾಡ. ಅಪ್ಪ ಮೌನಪ್ಪ ಸಾವ್ಕಾರ್ರ ಮನ್ಯಾಗ ವರ್ಷದ ಆಳು. ಆಗೆಲ್ಲಾ ಕಾಗದ ಇಲ್ಲ, ಸಹಿ ಇಲ್ಲ. ಯುಗಾದಿ ದಿನ ಆಳು ಹೋಗಿ ಕಟ್ಟಿ ಮುಂದ ನಿಂದ್ರಬೇಕು. ಸಾವ್ಕಾರ ಹೆಗಲಿಗೊಂದು ಹೊಸ ಕಂಬಳಿ ಹೊದ್ದಿಸಿ, ಕಾಲಿಗೆ ಹೊಸ ಚಪ್ಪಲಿ ಕೊಟ್ರ ತೀರ್ತು. ಕಂಬಳಿ ಹೊದ್ದಾಂವ ಬರೋ ಯುಗಾದಿತನಕ ಕಮತ ಬಿಡಂಗಿಲ್ಲ. ಒಂದು ವರ್ಷ ಭಾದ್ರಪದದಾಗ ವೆಂಕಮ್ಮನ ಅವ್ವ ಹಾಸಿಗಿ ಹಿಡಿದ್ಲು. ಮನ್ಯಾಗ ಇರ್ತೀನಿ ಅಂತ ಕೇಳಾಕ ಹ್ವಾದ ಅಪ್ಪಗ ಸಾವ್ಕಾರ ಬಯ್ಲಿಲ್ಲ, ಹೊಡೀಲಿಲ್ಲ. "ಹೆಗಲ ಮ್ಯಾಲಿಂದು ಏನದು ಮೌನಪ್ಪ?" ಅಂತ ಕೇಳ್ದ, ಅಷ್ಟ. ಅಪ್ಪ ತಿರುಗಿ ಹೊಲಕ್ಕ ಹ್ವಾದ. ಅವ್ವ ತೀರಿಕೊಂಡದ್ದು ಅಂವಗ ಹೊತ್ತು ಮುಳುಗಿದ್ಮ್ಯಾಲ ಗೊತ್ತಾತು.

"ಬಿಚ್ಚು," ಅಂದ್ಲು ವೆಂಕಮ್ಮ.

"ಯವ್ವಾ, ಬರೇ ನೋಡಾಕ ಹಾಕ್ಕೊಂಡೀನಿ."

"ನೋಡಾಕ ಹೊದ್ದ್ರೂ ಹೊದ್ದಂಗ. ಬಿಚ್ಚು ಮೊದ್ಲು."

ಮೇಘಾ ಬಿಚ್ತು. ನಲ್ವತ್ತು ಬೆಳ್ಳಕ್ಕಿ ಒಮ್ಮೆಗೇ ಹಾರಿ ಹೋದವು. ಹುಡ್ಗಿ ಆ ಅಂಗಿ ಎಷ್ಟು ಹುಷಾರಿಲೆ ಮಡಚಿ ಇಟ್ಟಿತಂದ್ರ, ಅಂಬರೇಶ ಸೈತ ಮಕ ಕೆಳಗ ಮಾಡ್ದ. ಮೂರು ದಿನ ಮೇಘಾ ಅಜ್ಜಿ ಕೂಡ ಮಾತಾಡಲಿಲ್ಲ. ವೆಂಕಮ್ಮನೂ ಆ ಮೂರು ದಿನ ಸಂತ್ಯಾಗ ಯಾರನ್ನೂ ಬಯ್ಲಿಲ್ಲ. ಮಂದಿ ಗಾಬರಿ ಆಗಿ ಮುದುಕಿಗೆ ಏನಾಗ್ಯಾದ ಅಂತ ಕೇಳಾಕ ಬಂದ್ರು.

ನಾಕನೇ ದಿನ ದೇವದುರ್ಗಕ್ಕ ಹೊಂಟ್ರು. ಬಸ್ಸಿನಾಗ ಹೆಣ್ಮಕ್ಕಳಿಗೆ ಪುಕ್ಕಟಿ. ಆಧಾರ್ ತೋರ್ಸಿದ್ರ ಕಂಡಕ್ಟರ್ ಸೊನ್ನಿ ಟಿಕೀಟು ಹರದು ಕೊಡ್ತಾನ. ವೆಂಕಮ್ಮ ಲೆಕ್ಕ ಹಾಕಿದ್ಲು. ರಾಯಚೂರು ಅಕಾಡೆಮಿಗೆ ಆಟೋ ಹೋಗಿ ಬರಾಕ ನಲ್ವತ್ತು, ದೇವದುರ್ಗಕ್ಕ ಸೊನ್ನಿ. ಹತ್ತರದ್ದು ತುಟ್ಟಿ, ದೂರದ್ದು ಅಗ್ಗ, ಕಲಿಗಾಲ ಉಲ್ಟಾ ತಿರುಗ್ಯಾದ ಅಂತ ಗಬ್ಬೂರು ಬರೋತನಕ ಬಸ್ಸಿನ ಮಂದಿಗೆಲ್ಲಾ ಹೇಳಿದ್ಲು. ಮೇಘಾ ಕಿಟಕಿ ಕಡೀಗೆ ಮಕ ಮಾಡಿ ಕುಂತಿತ್ತು.

ದೇವದುರ್ಗದ ಆಂಜನೇಯ ಮಾಸ್ತರದು ಒಂದು ಕಲ್ಯಾಣ ಮಂಟಪದ ಹಿಂದಿನ ಪತ್ರಾಸಿನ ತಗಡಿನ ಶೆಡ್ಡು. ತಿಂಗಳಾ ಮುನ್ನೂರೇ. ಕರಾರಿಲ್ಲ, ಕಾಗದಿಲ್ಲ. ಮೇಘಾನ ಕಣ್ಣಿನ ದೀಪಕ್ಕ ಮತ್ತ ಎಣ್ಣಿ ಬಿತ್ತು. ಆದ್ರ ವೆಂಕಮ್ಮ ಗೋಡಿಗೆ ತೂಗು ಹಾಕಿದ್ದ ಬಣ್ಣಬಣ್ಣದ ಪಟ್ಟಿ ನೋಡಿದ್ಲು. "ಅವು ಎಷ್ಟವ ಮಾಸ್ತರ?"

"ಒಂಬತ್ತು ಬಣ್ಣ ಅಮ್ಮಾ. ಒಂದೊಂದಕ್ಕ ಒಂದು ಪರೀಕ್ಷಿ."

"ಪರೀಕ್ಷಿಗೆ?"

"ಸಾವಿರದ ಇನ್ನೂರು. ಮ್ಯಾಲಿನ ಪಟ್ಟಿಗೆ ಸ್ವಲ್ಪ ಹೆಚ್ಚಿಗಿ. ಚಿಂತಿ ಬ್ಯಾಡ, ನಮ್ಮಲ್ಲಿ ಯಾರೂ ಫೇಲಾಗಂಗಿಲ್ಲ. ವರ್ಷ ಒಪ್ಪತ್ತಿನಾಗ ಕರಿ ಪಟ್ಟಿ ಕಟ್ಟಿ ಕಳಿಸ್ತೀನಿ."

ವೆಂಕಮ್ಮ ಕೈ ಮುಗದು ಎದ್ಲು. "ಮಾಸ್ತರ, ಹೋರಿಕರ ನೊಗಕ್ಕ ಹೆಗಲು ಕೊಡಾಕ ಮೂರು ವರ್ಷ ಬೇಕು. ನೀವು ವರ್ಷ ಒಪ್ಪತ್ತಿನಾಗ ಹುಡ್ಗೀನ್ನ ಹುಲಿ ಮಾಡ್ತೀನಿ ಅಂತೀರಿ. ನಿಮಗ ಬಾಳ ಅವಸರ ಅದ, ನನಗ ಇಲ್ಲ."

ಬಸ್ಸಿನಾಗ ಮೇಘಾ ಬಾಯಿ ಬಿಡ್ತು. "ನಿನಗ ಯಾವುದೂ ಬ್ಯಾಡ. ಹಚ್ಚಬಾರ್ದಂತ ತಿರುಗಾಡಾಕತ್ತೀದಿ."

"ಇರಬೇಕೇನ ಬೇ," ಅಂದ್ಲು ವೆಂಕಮ್ಮ. ಆಕಿ ಎದ್ಯಾಗೂ ಅದೇ ಹೆದರಿಕಿ ಇತ್ತು.

ಮಾನ್ವ್ಯಾಗ ಒಂದು ಕರಾಟೆ ಕ್ಲಾಸು ಅದ ಅಂತ ಸುದ್ದಿ ಕೊಟ್ಟಾಕಿ ಸಂತ್ಯಾಗ ಬಾಜೂಕ ನಿಂಬಿಹಣ್ಣು ಮಾರೋ ಮಹಬೂಬೀ. ಆಕಿ ತಂಗಿ ಮಗಳು ಅಲ್ಲಿ ಶನಿವಾರ ಐತವಾರ ಕಲೀತಾಳಂತ. ಕಲಿಸಾಕಿ ಹೆಣ್ಣೇ ಅಂತ. "ಗಿರಣಿ ಸಾವ್ಕಾರ್ರ ಮಗಳು, ಭಾಬಿ," ಅಂದ್ಲು ಮಹಬೂಬೀ. "ಮಾತು ಕಮ್ಮಿ. ನಿನಗ ಹೆಂಗ ಕೂಡ್ತದೋ ಅಲ್ಲಾನೇ ಬಲ್ಲ."

ಐತವಾರ ಮುಂಜಾನೆ ಮತ್ತ ಸೊನ್ನಿ ಟಿಕೀಟು. ಮಾನ್ವಿ ಊರ ಹೊರಗ ಕೊಟ್ರೇಶ ಸಾವ್ಕಾರ್ರ ಅಕ್ಕಿ ಗಿರಣಿ, ಅದರ ಹಿಂದ ಖಾಲಿ ಗೋದಾಮು. ನೆಲದ ತುಂಬ ಭತ್ತದ ಹೊಟ್ಟು ತುಂಬಿ ಹೊಲಿದ ಗೋಣಿಚೀಲ, ಅವೇ ಗಾದಿ. ಹದಿನೈದು ಇಪ್ಪತ್ತು ಹುಡುಗ್ಯಾರು, ಒಂದೊಂದು ಒಂದೊಂದು ಬಣ್ಣದ ಅಂಗಿ. ಬಿಳಿ ತೊಟ್ಟಾಕಿ ಒಬ್ಬಾಕೇ, ಟೀಚರ್ ವಿಜಯಲಕ್ಷ್ಮಿ. ನೋಡಿದ್ರ ಮೂವತ್ತರ ಪ್ರಾಯ, ಗಾಳಿ ಜೋರಾದ್ರ ಸಿಂಧನೂರಿಗೆ ಹೋಗಿ ಬೀಳಬೇಕು ಅಂಥಾ ಮೈ.

ವೆಂಕಮ್ಮ ಎತ್ತಿನ ಸುತ್ತ ತಿರುಗಿದಂಗ ಆಕಿ ಸುತ್ತ ಒಂದು ಸುತ್ತು ಬಂದ್ಲು. ಕಾಲು ನೋಡಿದ್ಲು. ಹಿಮ್ಮಡಿ ನೋಡಿದ್ಲು. "ಟೀಚರಮ್ಮ, ತಪ್ಪು ತಿಳೀಬ್ಯಾಡ್ರಿ. ನಿಮ್ಮನ್ನ ಒಂದು ಸಲ ನೂಕ್ಲೇನು?"

ಮೇಘಾ ಮಕ ಮುಚ್ಕೊಂತು.

"ನೂಕ್ರಿ ಯವ್ವಾ," ಅಂದ್ಲು ವಿಜಯಲಕ್ಷ್ಮಿ.

ನಲ್ವತ್ತು ವರ್ಷ ಪಲ್ಲೆಗಂಟು ಹೊತ್ತ ಕೈ ಅವು. ವೆಂಕಮ್ಮ ನೂಕಿದ್ರ ನಿಂತ ಲಾರಿ ಸೈತ ಕುರ್ಡಿ ಊರಿನತನಕ ಉಳ್ಳಬೇಕು. ಎರಡೂ ಕೈ ಹಚ್ಚಿ ನೂಕಿದ್ಲು. ವಿಜಯಲಕ್ಷ್ಮಿ ಮೊಳಕಾಲು ಒಂಚೂರು ಬಾಗಿಸಿದ್ಲು, ಅಷ್ಟ. ಹಿಂದ ಸರದಾಕಿ ವೆಂಕಮ್ಮ, ಮೂರು ಹೆಜ್ಜಿ.

"ಇದು ಕಾಲಲ್ಲ, ಬೇವಿನ ಬೇರು," ಅಂದ್ಲು. ಮಾತು ಹೊಂಟಿತು, ಅದಕ ಇದು ಎರಡನೇ ಸಲ ಅಂತ ಲೆಕ್ಕಕ್ಕಿಲ್ಲ.

"ರೊಕ್ಕ ಎಷ್ಟು ರೀ?"

"ತಿಂಗಳಾ ನಾನೂರು. ಬಂದ ತಿಂಗಳು ಕೊಡ್ರಿ, ಬರದಿದ್ರ ಬ್ಯಾಡ."

"ಡ್ರೆಸ್ಸು?"

"ವರ್ಷ ಆಗ್ಲಿ. ಮೊದ್ಲು ಬೀಳೋದು ಕಲೀಲಿ."

ಬೀಳೋದನ್ನೂ ಕಲಿಸ್ತಾರೇನು ಅಂತ ವೆಂಕಮ್ಮ ನಕ್ಲು. ಅಷ್ಟರಾಗ ಮೇಘಾನ್ನ ಗೋಣಿಚೀಲದ ಮ್ಯಾಲ ನಿಂದ್ರಿಸಿ, ಎದಿಗೆ ಎರಡು ಬೆರಳು ಹಚ್ಚಿದ್ಲು ಟೀಚರಮ್ಮ. ಹುಡ್ಗಿ ಧೊಪ್ ಅಂತ ಬಿತ್ತು. ಹೊಟ್ಟಿನ ಧೂಳು ಎದ್ದಿತು. ಎದ್ದು ನಿಂತಿತು, ಮತ್ತ ಬಿತ್ತು. ಮೂವತ್ತು ಸಲ ಬಿದ್ದಿರಬೇಕು. ಮೊದಲ್ನೇದು ಭತ್ತದ ಮೂಟಿ ಒಗದಂಗ ಇತ್ತು, ಮೂವತ್ತನೇದು ಎಲಿ ಉದುರಿದಂಗ. ಸಪ್ಪಳ ಇಲ್ಲ. ಬಿದ್ದಲ್ಲಿಂದ ಹೊರಳಿ ಎದ್ದು ನಿಂತ ಹುಡ್ಗಿ, ಅಕಾಡೆಮಿ ಅಂಗಿ ಬಿಚ್ಚಿದ್ಮ್ಯಾಲ ಮೊದಲ್ನೇ ಸಲ ಅಜ್ಜಿ ಕಡೀಗೆ ನೋಡಿ ನಕ್ಕಿತು. ಹಲ್ಲಿನಾಗೆಲ್ಲಾ ಹೊಟ್ಟು.

ಹಿಂಗ ಒಂದು ತಿಂಗಳು ಹೋಗಿ ಬಂದ್ರು. ನಾಕನೇ ಐತವಾರ ವೆಂಕಮ್ಮ ಕೇಳಿದ್ಲು, "ಟೀಚರಮ್ಮ, ಕಾಗದ ಪತ್ರ ಏನೂ ಇಲ್ಲೇನ್ರಿ?"

"ಇಲ್ಲ ಯವ್ವಾ." ವಿಜಯಲಕ್ಷ್ಮಿ ಸೊಂಟದ ಪಟ್ಟಿ ಬಿಗಿ ಮಾಡ್ಕೊಂತ ಅಂದ್ಲು, "ಸುಳ್ಳು ಹೇಳಬಾರ್ದು. ಬೆಳಗಾವಿ ಕಡೆ ಒಂದು ಹಾಸ್ಟೆಲ್ ಸಾಲಿಗೆ ಬಾ ಅಂತ ಕರದಾರ. ಹೋಗ್ಲೋ ಬ್ಯಾಡೋ ಅಂತ ಇನ್ನೂ ಹೇಳಿಲ್ಲ. ಯುಗಾದಿ ಆದ್ಮ್ಯಾಲ ಹೇಳಬೇಕು."

ಬಸ್ಸಿನಾಗ ಕಲ್ಲೂರು ದಾಟಿದ್ಮ್ಯಾಲ ಮೇಘಾ ಕೇಳ್ತು, "ಟೀಚರಕ್ಕ ಹ್ವಾದ್ರ ಅದು ನಡುವ ನಿಂತಂಗ ಆಗ್ತದೇನು ಯವ್ವಾ? ಅಪ್ಪ ಮತ್ತ ಹಚ್ಚಂಗಿಲ್ಲ?"

ವೆಂಕಮ್ಮ ಮನಸಿನಾಗ ತಕ್ಕಡಿ ಹಿಡಿದಿದ್ಲು. ಒಂದು ಪರಡ್ಯಾಗ ಕಾಗದ, ಹುಡ್ಗೀನ್ನ ಕಟ್ಟಿ ಮಾಸ್ತರನ್ನ ಬಿಡೋ ಕಾಗದ. ಇನ್ನೊಂದು ಪರಡ್ಯಾಗ ಟೀಚರಮ್ಮನ ಕಾಗದಿಲ್ಲದ ಮಾತು, ಬರೇ ಗಾಳಿ. ಗಾಳಿ ತೂಕ ಹೆಚ್ಚು, ಆದ್ರ ಗಾಳೀನ್ನ ಹಿಡಿಯೋದು ಹೆಂಗ? ರಾಯಚೂರು ಬಸ್‌ಸ್ಟ್ಯಾಂಡ್ ಬರೋದ್ರಾಗ ಆಕಿ ಕಣ್ಣು ಸಣ್ಣಗಾಗಿದ್ದವು. ಆ ಕಣ್ಣು ಸಣ್ಣಗಾದ್ರ ಯಾರಿಗೋ ಕೇಡು ಅಂತ ಸಂತ್ಯಾಗ ಎಲ್ಲಾರಿಗೂ ಗೊತ್ತು.

ಮುಂದಿನ ವಾರ ಗೋದಾಮಿನಾಗ ಹುಡುಗ್ಯಾರು ಒದಿಯೋದು ನೋಡಾಕತ್ತಾಗ, ವೆಂಕಮ್ಮ ಹೊಟ್ಟಿನ ಧೂಳಿನಾಗ ಮೂಡಿದ್ದ ಟೀಚರಮ್ಮನ ಹೆಜ್ಜಿ ಮ್ಯಾಲ ಒಂದು ಕಸಬರಿಗಿ ಕಡ್ಡಿ ಇಟ್ಟು ಅಳತಿ ಮುರ್ಕೊಂಡು ಸೆರಗಿಗೆ ಕಟ್ಕೊಂಡ್ಲು. ಯಾರೂ ನೋಡಲಿಲ್ಲ.

ಯುಗಾದಿ ಬಂತು. ಗಿರಣಿ ಅಂಗಳದಾಗ ಬಿಸಲು ಹೆಂಗಿತ್ತಂದ್ರ, ಕಾಗಿ ಒಂದೇ ಕಾಲಿಲೆ ನಿಂದರ್ತಿದ್ದವು. ಬ್ಯಾರೆ ಹುಡುಗ್ಯಾರು ಬೇವು ಬೆಲ್ಲ ತಿಂದು ಬಂದಿದ್ರು. ಕೊಟ್ರೇಶ ಸಾವ್ಕಾರ್ರು ವರಾಂಡದಾಗ ಮಂಚದ ಮ್ಯಾಲ ಕುಂತಿದ್ರು, ಹಬ್ಬ ಅಂತ ಗಿರಣಿ ಹಮಾಲರೂ ಬಂದು ನಿಂತಿದ್ರು. ವೆಂಕಮ್ಮ ಮೇಘಾನ್ನ ಕರ್ಕೊಂಡು ಗಂಟು ಹೊತ್ತು ಬಂದ್ಲು. ಗಂಟು ಬಿಚ್ಚಿದ್ಲು. ಒಳಗ ಕುರಿ ಉಣ್ಣಿ ಕರಿ ಕಂಬಳಿ, ಅದರ ಮ್ಯಾಲ ಒಂದು ಜೋಡಿ ತೊಗಲಿನ ಚಪ್ಪಲಿ.

ಹಮಾಲರು ಒಂದೊಂದು ಹೆಜ್ಜಿ ಮುಂದ ಬಂದ್ರು. ಅವರ ಅಪ್ಪಂದಿರೂ ಅದನ್ನ ಹೊದ್ದೋರೇ.

ಸಾವ್ಕಾರ್ರು ಮಂಚದ ಮ್ಯಾಲಿಂದನ ಕೇಳಿದ್ರು, "ಅದು ಯಾರಿಗೆ ವೆಂಕಮ್ಮ?"

"ಟೀಚರಮ್ಮಗ ರೀ ಯಪ್ಪಾ."

"ಅದು ಯಾಕ ಕೊಡ್ತಾರ ಗೊತ್ತದೇನು? ನಮ್ಮ ಮನ್ಯಾಗ ಅದನ್ನ ಕೊಟ್ಟೋರು ಅದಾರ, ತಗೊಂಡೋರಿಲ್ಲ."

"ಗೊತ್ತದ್ರೀ. ನಮ್ಮಪ್ಪ ಹನ್ನೊಂದು ಕಂಬಳಿ ಹೊದ್ದಾನ." ವೆಂಕಮ್ಮ ಕಂಬಳಿ ಮಡಿಕಿ ಬಿಚ್ಚಿದ್ಲು. "ಇದು ಹನ್ನೆರಡನೇದು. ಕಾಗದಕ್ಕ ನನಗ ಅಕ್ಷರ ಬರಂಗಿಲ್ಲ, ನನಗ ಓದಾಕ ಬರೋ ಕರಾರು ಇದೊಂದೇ. ಟೀಚರಮ್ಮ ಒಲ್ಲೆ ಅಂದ್ರ ಮಡಚಿಕೊಂಡು ಸೊನ್ನಿ ಟಿಕೀಟಿನ್ಯಾಗ ಹೊಂಡ್ತೀನಿ."

ವಿಜಯಲಕ್ಷ್ಮಿ ಅಪ್ಪನ ಕಡೀಗೆ ನೋಡಿದ್ಲು. ಆಮ್ಯಾಲ ಮೇಘಾನ ಕಡೀಗೆ ನೋಡಿದ್ಲು. ಮೇಘಾ ಅಜ್ಜಿ ಸೆರಗು ಹಿಡ್ಕೊಂಡು ನಿಂತಿತ್ತು.

"ಕರಾರು ಹೇಳ್ರಿ ಯವ್ವಾ," ಅಂದ್ಲು ಟೀಚರಮ್ಮ.

"ಈ ಯುಗಾದಿಯಿಂದ ಬರೋ ಯುಗಾದಿತನಕ. ತಿಂಗಳಾ ನಾನೂರು. ನಡುವ ಬಿಡಂಗಿಲ್ಲ."

"ಹುಡ್ಗಿ ಬಿಡಬಹುದೇನು?"

"ಆಕಿ ಯಾವಾಗ ಬೇಕಾದ್ರ ಬಿಡ್ತಾಳ. ಕಂಬಳಿ ಹೊದ್ದಾಕಿ ನೀವು, ಆಕಿ ಅಲ್ಲ."

ವಿಜಯಲಕ್ಷ್ಮಿಯ ತುಟಿ ಅಂಚಿನಾಗ ನಗಿ ಬಂತು. "ಬಾಳ ಮೋಸದ ಕರಾರು ಅದು."

"ಹೌದ್ರಿ. ನಾವು ಮಾಡಿದ್ದಲ್ಲ, ನಿಮ್ಮ ಕಡಿಯೋರಿಂದ ಕಲ್ತಿದ್ದು."

ಹಮಾಲರಾಗ ಯಾರೋ ನಕ್ಕು ಬಾಯಿ ಮುಚ್ಕೊಂಡ. ಟೀಚರಮ್ಮ ನಾಕು ಹೆಜ್ಜಿ ಮುಂದ ಬಂದು, ಯಾರು ನೂಕಿದ್ರೂ ಅಳ್ಳಾಡದ ಆ ಹೆಣ್ಮಗಳು, ವೆಂಕಮ್ಮನ ಮುಂದ ತಲಿ ಬಾಗಿಸಿ ನಿಂತ್ಲು. ವೆಂಕಮ್ಮ ಕಂಬಳಿ ಹೊದ್ದಿಸಿದ್ಲು. ಚಪ್ಪಲಿ ಕೆಳಗಿಟ್ಲು. ಕಾಲಿಗೆ ಕೂದಲೆಳಿಯಷ್ಟೂ ಹೆಚ್ಚು ಕಮ್ಮಿ ಇಲ್ಲದಂಗ ಕುಂತವು.

"ಬೆಳಗಾವಿಯೋರಿಗೆ ಬರೋ ವರ್ಷ ನೋಡೋಣು ಅಂತ ಹೇಳ್ತೀನಿ," ಅಂದ್ಲು ವಿಜಯಲಕ್ಷ್ಮಿ. ಆಮ್ಯಾಲ ಚಪ್ಪಲಿ ಬಾಗಲ ಹೊರಗ ಬಿಟ್ಟು ಗೋದಾಮಿನೊಳಗ ಹ್ವಾದ್ಲು. ಹುಡುಗ್ಯಾರು ಸಾಲಾಗಿ ನಿಂತ್ರು, ಕಡೀಕ ಮೇಘಾ.

ಕಂಬಳಿ ಈಗ ತೆಗದಿಡ್ತಾಳ ಅಂತ ವೆಂಕಮ್ಮ ಕಾಯಾಕತ್ತಿದ್ಲು. ಆಕಿ ತೆಗೀಲಿಲ್ಲ. ತುದಿ ಎರಡನ್ನೂ ಎದಿ ಮ್ಯಾಲ ಗಂಟು ಹಾಕ್ಕೊಂಡ್ಲು. ಪತ್ರಾಸಿನ ಕೆಳಗ, ಮಾನ್ವಿ ಯುಗಾದಿ ಬಿಸಲಾಗ, ಕುರಿ ಉಣ್ಣಿ ಹೊದ್ದು ಒದಿಯಾಕ ಸುರು ಮಾಡಿದ್ಲು. ಒಂದೊಂದು ಸಲ ಕಾಲು ಮ್ಯಾಲೆದ್ದಾಗ ಕಂಬಳಿ ಹದ್ದಿನ ರೆಕ್ಕಿ ಬಿಚ್ಚಿದಂಗ ಬಿಚ್ಚಿಕೊಂಡು, ಇಳದಾಗ ಮಡಚಿಕೊಂತಿತ್ತು. ಹಣಿಯಿಂದ ಬೆವರು ಧಾರಿ ಹತ್ತಿ ಗೋಣಿಚೀಲ ತೊಯ್ತು. ಹಿಂದಿನ ಸಾಲಿನಾಗ ಮೇಘಾ ಆ ಕಾಲನ್ನೇ ನೋಡ್ಕೊಂತ ತಾನೂ ಕಾಲು ಎತ್ತಾಕತ್ತಿತ್ತು. ಆಕೀದು ಇವತ್ತು ಮೊಳಕಾಲಿನ ಮಟ, ನಾಳೆ ಸೊಂಟದ ಮಟ.

ವರಾಂಡದಾಗ ಕೊಟ್ರೇಶ ಸಾವ್ಕಾರ್ರು ಯಾವಾಗೋ ಮಂಚದ ಮ್ಯಾಲಿಂದ ಎದ್ದು ನಿಂತಿದ್ರು. ತಾಸು ಮುಗಿಯೋತನಕ ಕುಂದ್ರಲಿಲ್ಲ.

ವೆಂಕಮ್ಮ ಏನರ ಅನ್ನಬೇಕಂತ ಬಾಯಿ ತೆರದ್ಲು. ತೆರದ ಬಾಯಿ ತೆರದಂಗ ಇತ್ತು. ಹೊಟ್ಟಿನ ಧೂಳು ಹೋಗಿ ಕುಂತ್ರೂ ಮುಚ್ಚಲಿಲ್ಲ. ಅದು ಎರಡನೇ ಸಲ.